ದೊಡ್ಡಪ್ಪನ ಕೆಮ್ಮು ಮತ್ತು ಎರಡನೇ ಸೀಸನ್ನಿನ ಮೊದಲ ಸಂಚಿಕೆ

ಸೂತಕವನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕೆಂದು ನಾನು ಹಟ ಹಿಡಿದದ್ದು ಬದುಕಿನಲ್ಲಿ ಒಂದೇ ಸಲ. ಆ ಸಲ ನಮ್ಮ ಮನೆಯವರು ಯಾರೂ ಪಾಲಿಸಲು ತಯಾರಿರಲಿಲ್ಲ.

ಇದು ಎಂಥ ಅನ್ಯಾಯವೆಂದು ತಿಳಿಯಬೇಕಾದರೆ ನಮ್ಮ ಅಪ್ಪನನ್ನು ತಿಳಿದಿರಬೇಕು. ಹಿಂದೊಮ್ಮೆ, ನಾವ್ಯಾರೂ ಮುಖವನ್ನೇ ನೋಡಿರದ ದಾಯಾದಿಯೊಬ್ಬರು ತೀರಿಕೊಂಡಾಗ, ಶಿವಮೊಗ್ಗದ ನಮ್ಮ ಮನೆಯ ಟಿ.ವಿ. ಪ್ಲಗ್ಗನ್ನು ಕಿತ್ತು, ಅದಕ್ಕೆ ರಬ್ಬರ್ ಬ್ಯಾಂಡು ಸುತ್ತಿ, ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮನುಷ್ಯ ಅವರು. ನಾನಾದರೋ ಆ ಹತ್ತು ದಿನವೂ ಪುರೋಹಿತರ ರಾಗದಲ್ಲಿ “ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳೀ...” ಎಂದು ಬಸ್ಸಿನ ಬೋರ್ಡು ಪಠಿಸಿ ಅಮ್ಮನನ್ನು ನಗಿಸಿದ್ದೆ. ನಗಿಸಿದ್ದಕ್ಕೆ ನಾನೂ, ನಕ್ಕಿದ್ದಕ್ಕೆ ಅಮ್ಮನೂ ಬೈಸಿಕೊಂಡಿದ್ದೆವು. ಅಂಥ ಅಪ್ಪ ಸ್ವಂತ ಅಣ್ಣ ಹೋದ ಏಳನೇ ದಿನ ಸಂಜೆ ಆರೂವರೆಗೆ, ಗೂಢಚಾರರ ಹೊಡೆದಾಟದ ಧಾರಾವಾಹಿ ನೋಡಲು ಚಾಪೆ ಹಾಸಿಕೊಂಡು ಕೂತರು. ಬೇಡ ಅಪ್ಪಾ, ಸೂತಕ ಅಪ್ಪಾ ಎಂದು ಹಿಂದೆ ಮುಂದೆ ಸುತ್ತಿದವನು ನಾನು.

ನಾನು ಮಿಮಿಕ್ರಿಯವನು. ಅಂದರೆ ಇಷ್ಟು ವಯಸ್ಸಾದರೂ ಸ್ವಂತದ್ದು ಅಂತ ಒಂದು ದನಿ ಮಾಡಿಕೊಳ್ಳದೆ ಊರವರ ದನಿಯಲ್ಲೇ ಕಾಲ ಹಾಕುತ್ತಿರುವವನು. ಬಸ್ ಕಂಡಕ್ಟರು, ಬ್ಯಾಂಕಿನ ಮ್ಯಾನೇಜರು, ನನ್ನ ಹಳೆಯ ಹೆಡ್‌ಮಾಸ್ತರು, ಹಲ್ಲು ಕೀಳುವ ಡಾಕ್ಟರು, ಹಲ್ಲು ಕೀಳಿಸಿಕೊಂಡ ನಮ್ಮಮ್ಮ, ಯಾರನ್ನೂ ಬಿಟ್ಟಿಲ್ಲ. ಗಣಪತಿ ಪೆಂಡಾಲು, ಆರತಕ್ಷತೆ, ಕಾಲೇಜು ವಾರ್ಷಿಕೋತ್ಸವ, ಕರೆದಲ್ಲಿಗೆ ಹೋಗುತ್ತೇನೆ. ಕೆಲವು ಸಲ ಕರೆಯದಲ್ಲಿಗೂ ಹೋಗಿದ್ದೇನೆ. ಅಪ್ಪ ನನ್ನ ಉದ್ಯೋಗದ ಬಗ್ಗೆ ಯಾರಾದರೂ ಕೇಳಿದರೆ “ಮಾತಾಡ್ತಾನೆ” ಎಂದಷ್ಟೇ ಹೇಳುತ್ತಿದ್ದರು.

ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದ ಸರಕು ಭದ್ರಾವತಿಯ ದೊಡ್ಡಪ್ಪನ ದನಿ. ಅಪ್ಪನ ಒಬ್ಬನೇ ಅಣ್ಣ, ಮಕ್ಕಳಿಲ್ಲ. ಕಾರ್ಖಾನೆಯ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತು ನಿಂತು ಅವರ ಕಿವಿ ಮಂದವಾಗಿತ್ತು. ಕಿವಿ ಮಂದವಾದವರು ಇಡೀ ಜಗತ್ತೇ ಕಿವುಡು ಎಂದು ತಿಳಿಯುತ್ತಾರಲ್ಲ, ಹಾಗೆ. ಪಿಸುಮಾತು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಗುಟ್ಟು ಹೇಳಲೆಂದು ನನ್ನನ್ನು ಮೂಲೆಗೆ ಕರೆದು, ಹೆಗಲ ಮೇಲೆ ಕೈ ಹಾಕಿ, “ಇದು ನಮ್ಮಿಬ್ಬರಲ್ಲೇ ಇರ್ಲಿ ಮಾರಾಯ!” ಎಂದರೆ ಕ್ವಾರ್ಟರ್ಸಿನ ಆ ಸಾಲಿನವರೆಲ್ಲ ಆಗಲಿ ಎನ್ನಬೇಕು, ಹಾಗೆ. ಪ್ರತಿ ಮಾತಿಗೂ ಮೊದಲು ಒಂದು ಕೆಮ್ಮು. ರೈಲು ಹೊರಡುವ ಮುನ್ನ ಬೋಗಿಗಳು ಒಂದನ್ನೊಂದು ಎಳೆದುಕೊಳ್ಳುವಂಥ ಕೆಮ್ಮು. ಆಮೇಲೆ ಮಾತು.

ನಾನು ಅವರ ಮುಂದೆಯೇ ಅವರನ್ನು ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವರು ಮಾತ್ರ ಕಿವಿಗೆ ಕೈ ಹಚ್ಚಿ, “ಏನಂದ ಕೋತಿ? ಇನ್ನೊಂದ್ಸಲ ಮಾಡು, ಕೇಳಿಸ್ಲಿಲ್ಲ” ಎನ್ನುತ್ತಿದ್ದರು. ಇನ್ನೊಂದು ಸಲ ಮಾಡುತ್ತಿದ್ದೆ. ಆಗಲೂ ಕೇಳಿಸುತ್ತಿರಲಿಲ್ಲ. ದೊಡ್ಡಮ್ಮ ಮಾತ್ರ ನಗದೆ ಪರೀಕ್ಷೆಯ ಪೇಪರ್ ತಿದ್ದುವವರ ಹಾಗೆ ಕೂತಿರುತ್ತಿದ್ದರು. ಕೊನೆಗೆ ಒಂದೇ ಮಾತು: “ಮಾತು ಪರವಾಗಿಲ್ಲ. ಕೆಮ್ಮು ಬರಲಿಲ್ಲ ನಿಂಗೆ.” ಎಂಟು ವರ್ಷದಿಂದ ನಾನು ಆ ಕೆಮ್ಮಿನಲ್ಲಿ ಫೇಲು.

ಹೀಗಿರುವಾಗ ನನಗೆ ಡಬ್ಬಿಂಗ್ ಕೆಲಸ ಸಿಕ್ಕಿತು. ಹೊರದೇಶದ ಗೂಢಚಾರರ ಧಾರಾವಾಹಿಯೊಂದರ ಎರಡನೇ ಸೀಸನ್ ಕನ್ನಡಕ್ಕೆ ಬರುವುದಿತ್ತು. ಮೊದಲ ಸೀಸನ್ನಿನಲ್ಲಿ ನಾಯಕ ಮೂರು ಸೇತುವೆ ಹಾರಿ, ನಾಲ್ಕನೆಯದರಿಂದ ಬಿದ್ದು, ಅಲ್ಲಿಗೆ ನಿಲ್ಲಿಸಿದ್ದರು. ಜನ ಒಂದು ವರ್ಷದಿಂದ ಅವನು ನೀರಿಗೆ ಬಿದ್ದನೋ ಕಲ್ಲಿಗೆ ಬಿದ್ದನೋ ಎಂದು ತಲೆ ಕೆಡಿಸಿಕೊಂಡಿದ್ದರು. ಡಬ್ಬಿಂಗ್ ನಿರ್ದೇಶಕರು ಬೆಂಗಳೂರಿನಲ್ಲಿ, ನಾನು ಶಿವಮೊಗ್ಗದ ಕೋಟೆ ರಸ್ತೆಯ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಅದೇ ಸ್ಟುಡಿಯೋ. ಗೋಡೆಗೆ ಹಳೆಯ ಹಾಸಿಗೆ ಹೊಡೆದು, ಫ್ಯಾನು ಆರಿಸಿ, ಒಳಗೆ ಬೇಯುತ್ತ ಮಾತಾಡಬೇಕು.

“ನಾಯಕನಿಗೆ ವಿದ್ಯೆ ಕಲಿಸಿದ ಮುದುಕ ಗೂಢಚಾರ ಇದ್ದಾನಲ್ಲ, ಅವನಿಗೊಂದು ದನಿ ಬೇಕಪ್ಪ,” ಎಂದರು ನಿರ್ದೇಶಕರು ಫೋನಿನಲ್ಲಿ. “ಒರಟು ಇರಬೇಕು, ಒಳಗೆ ಪ್ರೀತಿ ಇರಬೇಕು. ಏನಾದರೂ ಹೊಸದು ಕೊಡು.”

ನಾನು ಕೆಮ್ಮಿ, ದೊಡ್ಡಪ್ಪನಾದೆ.

ಗುಟ್ಟನ್ನು ಕೂಗಿ ಹೇಳುವ ಗೂಢಚಾರ! ನಿರ್ದೇಶಕರಿಗೆ ಎಲ್ಲಿಲ್ಲದ ಖುಷಿ. ಪರದೆಯ ಮೇಲಿನ ಆ ಕೆಂಪು ಮೂತಿಯ ಮುದುಕ ಎರಡು ಶಬ್ದಕ್ಕೆ ತುಟಿ ಮುಚ್ಚಿದರೆ ನಮ್ಮ ದೊಡ್ಡಪ್ಪನಿಗೆ ಆರು ಶಬ್ದ ಬೇಕು. ಹೊಂದಿಸುವಷ್ಟರಲ್ಲಿ ನನ್ನ ಬನಿಯನ್ನು ಹಿಂಡುವ ಹಾಗಾಯಿತು. ಆದರೂ ಮಾಡಿದೆ. ಸಮಸ್ಯೆ ಏನೆಂದರೆ ಆ ಮುದುಕ ಮೊದಲ ಸಂಚಿಕೆಯಲ್ಲೇ ಗುಂಡೇಟು ತಿಂದು ಸಾಯುತ್ತಾನೆ. ಸಾಯುವುದನ್ನು ನಿರ್ದೇಶಕರು ಐದು ಸಲ ಮಾಡಿಸಿದರು. “ಇನ್ನೂ ಸ್ವಲ್ಪ ಉಸಿರು ಎಳಿ. ಹಾಂ, ಈಗ ಬಿಡು.” ಐದು ಸಲ ದೊಡ್ಡಪ್ಪನ ದನಿಯಲ್ಲಿ ಸತ್ತು, ಕೆಳಗೆ ಬಂದು ಕಬ್ಬಿನ ಹಾಲು ಕುಡಿದು ಮನೆಗೆ ಹೋದೆ.

ಯಾರ ದನಿ ಹಾಕಿದ್ದೇನೆಂದು ಮನೆಯಲ್ಲಿ ಹೇಳಲಿಲ್ಲ. ನೋಡುವ ದಿನ ಗೊತ್ತಾಗಲಿ, ದೊಡ್ಡಪ್ಪ ಕಿವಿಗೆ ಕೈ ಹಚ್ಚಿ “ಯಾರೋ ಇವನು, ಚೆನ್ನಾಗಿ ಮಾತಾಡ್ತಾನೆ” ಎನ್ನಲಿ, ಆಗ ಎಲ್ಲರೂ ನಗೋಣ ಎಂದು ನನ್ನ ಲೆಕ್ಕ. ಅವರಾದರೋ ಭದ್ರಾವತಿಯಲ್ಲಿ ಪ್ರಚಾರ ಶುರುಮಾಡಿಯೇ ಬಿಟ್ಟರು. ನಿವೃತ್ತರು ಕೂರುವ ಕಟ್ಟೆಯಲ್ಲಿ, ಕ್ಷೌರದಂಗಡಿಯಲ್ಲಿ, ಪಕ್ಕದ ಮನೆಯ ತಮಿಳು ಅಕ್ಕನ ಬಳಿ, “ನನ್ನ ತಮ್ಮನ ಮಗ ಟಿ.ವಿ.ಲಿ ಬರ್ತಾನೆ. ಮುಖ ಬರಲ್ಲ, ಬಾಯಿ ಬರುತ್ತೆ!”

ಆಮೇಲೆ ಒಂದು ತಿಂಗಳಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಕೂತಲ್ಲೇ ದೊಡ್ಡಪ್ಪ ಹೋಗಿಬಿಟ್ಟರು. ದೊಡ್ಡಮ್ಮ ಹಿತ್ತಲಿನಲ್ಲಿ ಕರಿಬೇವು ಕೀಳುತ್ತಿದ್ದರಂತೆ. ಬಂದು ನೋಡಿದರೆ ಆಗಿಹೋಗಿತ್ತು.

ಸುದ್ದಿ ಬಂದಾಗ ನನ್ನ ತಲೆಗೆ ಮೊದಲು ಹೊಳೆದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಐದು ಸಲ. ಬದುಕಿದ್ದವರ ದನಿಯಲ್ಲಿ ಐದು ಸಲ ಸತ್ತಿದ್ದೆ. ಇಂಥದ್ದನ್ನೆಲ್ಲ ನಂಬುವವರನ್ನು ವೇದಿಕೆಯ ಮೇಲೆ ಆಡಿಕೊಂಡು ಚಪ್ಪಾಳೆ ಗಿಟ್ಟಿಸಿದವನು ನಾನು. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತು, ದೊಡ್ಡಮ್ಮನಿಗೆ ಇದು ಗೊತ್ತಾದರೆ ಏನೆಂದುಕೊಂಡಾರು ಎಂದೇ ಯೋಚಿಸಿದೆ. ಇರುವಾಗಲೇ ನನ್ನ ಗಂಡನನ್ನು ಸಾಯಿಸಿದೆಯಲ್ಲೋ ಎಂದರೆ? ಅವರ ದನಿಯನ್ನೂ ನಾನು ಮಾಡಬಲ್ಲೆ. ಆ ಮಾತನ್ನು ಅವರದೇ ದನಿಯಲ್ಲಿ ಒಳಗೊಳಗೇ ಕೇಳುತ್ತ ಕೂತಿದ್ದೆ.

ಮೊದಲ ಸಂಚಿಕೆ ಅದೇ ಭಾನುವಾರ. ಸದ್ಯ, ಸೂತಕ ಇದೆ, ಟಿ.ವಿ. ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ದೊಡ್ಡಪ್ಪನ ಮನೆಯ ಟಿ.ವಿ.ಗೆ ಅಮ್ಮ ಆಗಲೇ ಟವೆಲ್ ಹೊದಿಸಿದ್ದರು.

ಗುರುವಾರ ಅಪ್ಪ ಶುರು ಮಾಡಿದರು. ಕರ್ಮ ಮಾಡುವವರು ಅವರೇ. ತಲೆ ಬೋಳಿಸಿಕೊಂಡು, ಬೆಳಿಗ್ಗೆ ಭದ್ರಾ ನದಿಯ ದಡದಲ್ಲಿ ಕೆಲಸ ಮುಗಿಸಿ ಬಂದವರು, ಒದ್ದೆ ಪಂಚೆ ಹರವುತ್ತ, “ಭಾನುವಾರ ಎಷ್ಟೊತ್ತಿಗೆ ನಿಂದು?” ಎಂದರು.

“ಯಾವುದು?”

“ಅದೇ, ಬಾಯಿ.”

“ಅಪ್ಪ, ಸೂತಕ.”

“ಗೊತ್ತು. ಅಣ್ಣ ಒಂದು ತಿಂಗಳಿಂದ ಕಾಯ್ತಿದ್ದ. ಊರಿಗೆಲ್ಲ ಹೇಳಿದ್ದ. ನಾವು ನೋಡ್ದೆ ಇದ್ರೆ ಹೆಂಗೆ?”

“ಶಾಸ್ತ್ರ ಅಂತ ಒಂದಿದೆ ಅಪ್ಪ.”

ಅಪ್ಪ ಪಂಚೆ ಹರವುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. “ಯಾರ ದನಿಯೋ ಇದು? ಹೊಸದಾ?”

ಆಗಲೇ ನಿಜ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಪ್ಪ, ಇಪ್ಪತ್ತು ವರ್ಷದಲ್ಲಿ ಹೇಳದೇ ಇದ್ದದ್ದನ್ನು ಹೇಳಿದರು: “ನಿನ್ನ ಕೆಲಸದ ಬಗ್ಗೆ ಅವನಿಗೆ ಬಹಳ ಹೆಮ್ಮೆ ಇತ್ತು. ನಾನೇ ಒಂದಿನ ಸರಿಯಾಗಿ ಕೂತು ಕೇಳಿಲ್ಲ.” ಹೀಗೆಂದ ಮೇಲೆ, ಅಪ್ಪ, ಆ ಕೆಲಸದಲ್ಲಿ ನಿಮ್ಮ ಅಣ್ಣನನ್ನು ಐದು ಸಲ ಸಾಯಿಸಿದ್ದೇನೆ ಎಂದು ಹೇಳುವ ಧೈರ್ಯ ಯಾವ ಗೂಢಚಾರನಿಗಿದೆ?

ಅಪ್ಪ ಪುರೋಹಿತರಿಗೆ ಫೋನ್ ಹಚ್ಚಿದರು. ಪುರೋಹಿತರಾದರೂ ಕೈ ಹಿಡಿಯುತ್ತಾರೆಂದು ಕಿವಿಗೊಟ್ಟು ನಿಂತೆ. “ಮನೆ ಟಿ.ವಿ. ಹಾಕೋ ಹಂಗಿಲ್ಲ,” ಎಂದರು ಅವರು. ನನಗೆ ಜೀವ ಬಂತು. “ಹೊರಗಡೆ ಎಲ್ಲೋ ಹಾಕಿದ್ದು ಕಣ್ಣಿಗೆ ಬಿತ್ತು, ಕಿವಿಗೆ ಬಿತ್ತು ಅಂದ್ರೆ ಯಾರೇನು ಮಾಡಕ್ಕಾಗುತ್ತೆ?” ಎಂದರು. ಹೋಯಿತು. ಕೊನೆಗೆ, “ಆ ಸೇತುವೆಯಿಂದ ಬಿದ್ದೋನು ಬದುಕಿದಾನಾ ಅಂತ ನಿಮ್ಮ ಹುಡುಗನ್ನ ಒಂದು ಮಾತು ಕೇಳಿ” ಎಂದು ಬೇರೆ ಸೇರಿಸಿದರು.

ಶನಿವಾರ ಕೊನೆಯ ಪ್ರಯತ್ನ. ಹಿತ್ತಲಿಗೆ ಹೋಗಿ ಅಪ್ಪನಿಗೆ ಫೋನ್ ಮಾಡಿ, ಪುರೋಹಿತರ ದನಿಯಲ್ಲಿ, “ಗ್ರಂಥ ತೆಗೆದು ನೋಡ್ದೆ. ಪಕ್ಕದ ಮನೇದೂ ನೋಡೋ ಹಂಗಿಲ್ಲ. ಕಿವಿಗೆ ಬಿದ್ರೂ ದೋಷ” ಎಂದೆ. ಬಹಳ ಚೆನ್ನಾಗಿ ಬಂದಿತ್ತು. ಆ ಎಳೆತ, ಮಧ್ಯೆ ಮೂಗಿನಿಂದ ಒಂದು ಉಸಿರು, ಎಲ್ಲ.

ಅಪ್ಪ ಸುಮ್ಮನೆ ಕೇಳಿಸಿಕೊಂಡು, “ಫೋನಲ್ಲಿ ನಿನ್ನ ಹೆಸರೇ ಕಾಣ್ತಿದೆ ಕಣೋ, ದಡ್ಡ” ಎಂದು ಇಟ್ಟರು.

ಇಷ್ಟರಲ್ಲಿ ಪಕ್ಕದ ಮನೆಯ ಅಕ್ಕ ತಯಾರಾಗಿಬಿಟ್ಟಿದ್ದರು. ಕ್ವಾರ್ಟರ್ಸಿನ ಎರಡು ಮನೆಗಳ ನಡುವೆ ಮೂರಡಿ ಓಣಿ. ಅವರ ನಡುಮನೆಯ ಕಿಟಕಿ ನಮ್ಮ ಅಂಗಳಕ್ಕೆ ತೆರೆಯುತ್ತದೆ. ಅವರ ಗಂಡನೂ ದೊಡ್ಡಪ್ಪನೂ ಒಂದೇ ಶಿಫ್ಟಿನಲ್ಲಿ ಇದ್ದವರು. ಅಕ್ಕ ಟಿ.ವಿ.ಯನ್ನು ಸ್ಟ್ಯಾಂಡ್ ಸಮೇತ ಎಳೆದು ಕಿಟಕಿಯ ಸರಳಿಗೆ ಮುಖ ಮಾಡಿ ನಿಲ್ಲಿಸಿದರು.

“ನೀವು ನಮ್ಮನೆಗೆ ಬರಂಗಿಲ್ಲ, ನಾವು ನಿಮ್ಮನ್ನ ಮುಟ್ಟಂಗಿಲ್ಲ. ಟಿ.ವಿ. ನಮ್ದು, ಅಂಗಳ ನಿಮ್ದು. ಸರಿಯಾಯ್ತಲ್ಲ ತಂಬಿ?”

“ಅಕ್ಕ, ಸೌಂಡ್ ಸ್ವಲ್ಪ ಕಮ್ಮಿ ಇಡಿ.”

“ಕಮ್ಮಿಯಾ? ನಿಮ್ಮ ದೊಡ್ಡಪ್ಪನ ಹೆಸರಲ್ಲಿ ಹಾಕ್ತಿರೋದು, ಫುಲ್ಲೇ ಇಡ್ತೀನಿ!”

ಇನ್ನು ಉಳಿದದ್ದು ಕರೆಂಟಿನ ಮೇಲಿನ ನಂಬಿಕೆ. ವಾರಪೂರ್ತಿ ಸಂಜೆ ಆರೂಕಾಲಿಗೆ ತಪ್ಪದೆ ಹೋಗುತ್ತಿದ್ದ ಕರೆಂಟು. ಭಾನುವಾರ ಆರೂಕಾಲಾಯಿತು, ಆರೂ ಇಪ್ಪತ್ತಾಯಿತು. ಬಲ್ಬು ನನ್ನನ್ನೇ ನೋಡಿ ನಗುತ್ತಿದ್ದಂತಿತ್ತು.

ಅಪ್ಪ ಚಾಪೆಯ ಮೇಲೆ, ಅಮ್ಮ ಮೆಟ್ಟಿಲ ಮೇಲೆ. ದೊಡ್ಡಮ್ಮ ಬರಲಿಲ್ಲ. “ನನಗೆ ಬೇಡ, ನೀವು ನೋಡಿ” ಎಂದು ಅಡುಗೆಮನೆಯಲ್ಲೇ ಉಳಿದರು. ಅಷ್ಟಾದರೂ ಆಯಿತಲ್ಲ ಎಂದು ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಅಂಗಳಕ್ಕೂ ಅವರಿಗೂ ನಡುವಿನ ಜಗಲಿಯಲ್ಲಿ ಕಾವಲು ನಿಂತೆ. ಎದುರಿಗೆ ದೊಡ್ಡಪ್ಪನ ಖಾಲಿ ಕುರ್ಚಿ.

ಶುರುವಾಯಿತು. ನಾಯಕ ನೀರಿಗೇ ಬಿದ್ದಿದ್ದ. “ನೋಡಿದ್ರಾ, ನಾನು ಹೇಳ್ಲಿಲ್ವಾ!” ಎಂದು ಅಕ್ಕ ಕಿಟಕಿಯ ಆ ಕಡೆಯಿಂದ ಚಪ್ಪಾಳೆ ತಟ್ಟಿದರು. ಅವನು ನೀರಿನಿಂದೆದ್ದು, ಕೋಟು ಕೊಡವಿಕೊಂಡು, ಇಬ್ಬರನ್ನು ಹೊಡೆದು, ಒಂದು ಹಳೆಯ ಗೋದಾಮಿನ ಬಾಗಿಲು ತಳ್ಳಿದ. ಒಳಗೆ ಕತ್ತಲೆ. ಕತ್ತಲೆಯಲ್ಲಿ ಒಂದು ಕೆಮ್ಮು.

ಅಪ್ಪನ ಬೆನ್ನು ನೆಟ್ಟಗಾಯಿತು.

“ಎಷ್ಟೊತ್ತು ಕಾಯಿಸ್ತೀಯ? ಬಾ ಇಲ್ಲಿ!”

ಫುಲ್ ಸೌಂಡಿನಲ್ಲಿ, ಓಣಿ ದಾಟಿ, ಜಗಲಿ ದಾಟಿ, ನಾನು ಮುಂದೆ ಮಾಡಿದ್ದ ಬಾಗಿಲನ್ನೂ ದಾಟಿ ಹೋಯಿತು ಅದು. ಒಳಗಿನಿಂದ ದೊಡ್ಡಮ್ಮ, ನಲವತ್ತು ವರ್ಷದ ಅದೇ ಬೇಸರದಲ್ಲಿ, “ಬಂದೆ, ಬಂದೆ! ಯಾಕ್ ಹಂಗ್ ಕಿರಿಚ್ತೀರಿ?” ಎಂದರು.

ಬಾಗಿಲು ತೆರೆದುಕೊಂಡಿತು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಜಗಲಿಗೆ ಬಂದೇಬಿಟ್ಟರು. ಖಾಲಿ ಕುರ್ಚಿ ನೋಡಿದರು. ಒರೆಸುವ ಕೈ ನಿಂತಿತು.

ಅಮ್ಮ ಎದ್ದು ನಿಂತರು. ಕಿಟಕಿಯಲ್ಲಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಯಾರೂ ರಿಮೋಟ್ ಒತ್ತಲಿಲ್ಲ. ಟಿ.ವಿ.ಯಲ್ಲಿ ದೊಡ್ಡಪ್ಪ ಯಾವುದೋ ದೇಶದ ರಾಯಭಾರಿಯನ್ನು ಬೈಯುತ್ತಿದ್ದರು.

ದೊಡ್ಡಮ್ಮ ನನ್ನ ಕಡೆ ತಿರುಗಿದರು. “ನೀನಾ?”

ತಲೆ ಆಡಿಸಿದೆ.

“ಇವನಿಗೆ ಏನಾಗುತ್ತೆ?”

ನಾನು ಟಿ.ವಿ. ಕಡೆ ತಿರುಗಿದೆ.

“ಬಾಯಿ ಬಿಡು. ಊರವರ ಬಾಯೆಲ್ಲ ನಿನ್ನ ಹತ್ರ ಇದೆ, ನಿನ್ನ ಬಾಯಿಗೇನಾಗಿದೆ ಈಗ?”

“ಸಾಯ್ತಾನೆ, ದೊಡ್ಡಮ್ಮ. ಬ್ರೇಕ್ ಆದ್ಮೇಲೆ.”

“ಯಾವಾಗ ಮಾಡಿದ್ದಿದು?”

“ಹೋದ ತಿಂಗಳು.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. “ದೊಡ್ಡಪ್ಪ ಇದ್ದಾಗ. ಐದು ಸಲ ಮಾಡಿಸಿದ್ರು. ನಾನು ಬೇಕಂತ ಮಾಡಿದ್ದಲ್ಲ ದೊಡ್ಡಮ್ಮ, ಕತೇಲೇ ಹಂಗಿತ್ತು.”

ಬ್ರೇಕ್ ಬಂತು. ಒಂದು ಹೆಂಗಸು ನೆಲ ಒರೆಸುವ ದ್ರಾವಣದ ಬಗ್ಗೆ ಮೈಮರೆತು ಹಾಡುತ್ತಿದ್ದಳು.

“ಅದಕ್ಕಾ ಒಂದು ವಾರದಿಂದ ಸೂತಕ ಸೂತಕ ಅಂತ ಬಡ್ಕೊಳ್ತಿದ್ದೆ?” ಎಂದರು ದೊಡ್ಡಮ್ಮ. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಮೆಟ್ಟಿಲಿಳಿದು, ಅಮ್ಮನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು. ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಬದುಕಿರೋ ತನಕ ಕಿರಿಚಿದ ಮನುಷ್ಯ. ಹೋಗುವಾಗ ಒಂದು ಕೂಗಿಲ್ಲ, ಕೆಮ್ಮಿಲ್ಲ. ನಾನು ಅಲ್ಲೇ ಹಿತ್ತಲಲ್ಲಿದ್ದೆ. ಇಷ್ಟು ದಿನದಿಂದ ಅದನ್ನೇ ಯೋಚಿಸ್ತಿದೀನಿ. ಕರೆದಿದ್ರಾ, ನಂಗೆ ಕೇಳಿಸ್ಲಿಲ್ವಾ ಅಂತ.”

“ಅವರು ಕರೆದಿದ್ರೆ ನಿಮಗಿರಲಿ ನನಗೂ ಕೇಳಿಸ್ತಿತ್ತು,” ಎಂದರು ಅಕ್ಕ ಸರಳಿನಾಚೆಯಿಂದ. “ಕರೆದಿಲ್ಲ ಅಕ್ಕ. ನಾನು ಇದೇ ಕಿಟಕೀಲಿದ್ದೆ.”

ಬ್ರೇಕ್ ಮುಗಿಯಿತು. ಗುಂಡು ಹಾರಿತು. ಕೆಂಪು ಮೂತಿಯ ಮುದುಕ ನಾಯಕನ ತೋಳಿಗೆ ಬಿದ್ದ. ಅವನ ಕೊನೆಯ ಮಾತಾದರೂ ಘನವಾಗಿದ್ದರೆ ಬೇರೆ ಮಾತು. ಬರೆದ ಪುಣ್ಯಾತ್ಮ ಏನು ಬರೆದಿದ್ದ ಗೊತ್ತೇ? “ಪೆನ್‌ಡ್ರೈವ್... ಗೋಡೆ ಗಡಿಯಾರದ ಹಿಂದೆ ಇದೆ... ಯಾರನ್ನೂ ನಂಬಬೇಡ... ಗಡಿಯಾರ...” ಅದನ್ನು ದೊಡ್ಡಪ್ಪ ಎಳೆದೆಳೆದು, ಉಸಿರು ಬಿಟ್ಟು ಬಿಟ್ಟು, ಸಾಯುವಾಗಲೂ ಇಡೀ ಗೋದಾಮಿಗೆ ಕೇಳುವ ಹಾಗೆ ಹೇಳಿದರು. ಆ ಗುಟ್ಟು ಶತ್ರುಗಳಿಗೂ ಕೇಳಿಸಿರಲೇಬೇಕು. ಕೊನೆಗೆ ಒಂದು ಸಣ್ಣ ಕೆಮ್ಮು. ಮುಗಿಯಿತು.

ಅಪ್ಪ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಬೋಳು ತಲೆ ಅಲುಗುತ್ತಿತ್ತು. ಅಮ್ಮ ಮೂಗು ಏರಿಸುತ್ತಿದ್ದರು. ದೊಡ್ಡಮ್ಮ ಸೆರಗಿನಿಂದ ಒಂದು ಸಲ, ಒಂದೇ ಸಲ, ಕಣ್ಣು ಒತ್ತಿಕೊಂಡರು.

“ಸಾಯೋನು ಇಷ್ಟು ಮಾತಾಡ್ತಾನೇನೋ?” ಎಂದರು ಆಮೇಲೆ.

“ಕತೆ ದೊಡ್ಡಮ್ಮ.”

“ಹೋಗ್ಲಿ, ಆಡ್ಲಿ. ಆಡದೇ ಹೋದ್ರೆ ಇನ್ನೂ ಕಷ್ಟ.” ಮತ್ತೆ ಕಿಟಕಿಯ ಕಡೆ ನೋಡಿ, “ಅಂದ್ರೆ ಇನ್ನು ಬರಲ್ಲ ಇವನು?”

“ನಾಲ್ಕನೇ ವಾರ ಒಂದ್ಸಲ ಬರ್ತಾನೆ. ನಾಯಕನಿಗೆ ಹಳೇದೆಲ್ಲ ನೆನಪಾಗುತ್ತೆ, ಅದರಲ್ಲಿ.”

ದೊಡ್ಡಮ್ಮ ಬೆರಳು ಮಡಿಸಿ ಎಣಿಸಿದರು. “ಆಗ ಸೂತಕ ಇರಲ್ಲ. ನಮ್ಮ ಟಿ.ವಿ.ಲೇ ನೋಡಬಹುದು.”

ಆ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು. ಇಷ್ಟು ಹೊತ್ತು ಎಲ್ಲಿ ಸತ್ತಿತ್ತೋ. “ಅಯ್ಯೋ, ಗಡಿಯಾರದ ಹಿಂದೆ ಇತ್ತಾ ಇಲ್ವಾ!” ಎಂದು ಅಕ್ಕ ಕೂಗಿದರು. ಅಪ್ಪ ಮೂಗೊರೆಸಿಕೊಂಡು, “ಲೋ, ಇತ್ತೇನೋ?” ಎಂದರು. ನನಗೆ ಗೊತ್ತಿರಲಿಲ್ಲ. ನಾಲ್ಕನೇ ವಾರದ ಆ ನೆನಪಿನ ದೃಶ್ಯ ಬಿಟ್ಟರೆ, ನನ್ನ ಮುದುಕ ಸತ್ತ ಮೇಲಿನ ಕತೆಯನ್ನು ನನಗೆ ಯಾರೂ ಕಳಿಸಿರಲಿಲ್ಲ. ಏನೂ ಗೊತ್ತಿಲ್ಲದ ಇವನೆಂಥ ಗೂಢಚಾರ ಎಂಬಂತೆ ನಾಲ್ವರೂ ನನ್ನನ್ನು ನೋಡಿದರು.

ದೊಡ್ಡಮ್ಮ ದೀಪ ಹಚ್ಚಲು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. “ಮಾತೆಲ್ಲ ಅವರದ್ದೇ. ಅದಕ್ಕೇ ಓಡಿಬಂದೆ. ಆದ್ರೆ ಕೆಮ್ಮು ಇವತ್ತೂ ಬರಲಿಲ್ಲ ನಿಂಗೆ. ಅವರದ್ದು ಎದೆಯಿಂದ ಏಳೋದು, ನೀನು ಗಂಟಲಲ್ಲೇ ಮುಗಿಸ್ತೀಯ. ನಾಲ್ಕನೇ ವಾರಕ್ಕೆ ಸರಿ ಮಾಡು.”

“ಅದು ಆಗ್ಲೇ ರೆಕಾರ್ಡ್ ಆಗಿಹೋಗಿದೆ ದೊಡ್ಡಮ್ಮ.”

“ಹಂಗಾದ್ರೆ ಫೋನ್ ಮಾಡಿ ಹೇಳು ಅವರಿಗೆ.”

“ಹಂಗೆಲ್ಲ ಒಂದು ಕೆಮ್ಮಿಗೋಸ್ಕರ...”

“ಮಾಡು ಅಂದೆ.”

ಮಾಡಿದೆ. ಅಂಗಳದ ನಡುವೆ ನಿಂತು, ನಾಲ್ಕು ಜನ ಕಿವಿಗೊಟ್ಟಿರುವಾಗ, ಬೆಂಗಳೂರಿಗೆ ಫೋನ್ ಮಾಡಿದೆ. ನಿರ್ದೇಶಕರು ಖುಷಿಯಲ್ಲಿದ್ದರು. ಮುದುಕನ ದನಿಗೆ ಎಲ್ಲ ಕಡೆಯಿಂದ ಒಳ್ಳೆಯ ಮಾತು ಬರುತ್ತಿದೆ ಎಂದರು. ಏನಪ್ಪಾ ವಿಷಯ ಎಂದರು.

“ಸರ್,” ಎಂದೆ. “ನಾಲ್ಕನೇ ಸಂಚಿಕೆಯಲ್ಲಿ ಒಂದು ಕೆಮ್ಮು ತಪ್ಪಾಗಿದೆ.”